ಆಕಾಶದ ಕಲ್ಲು: ನಗುವವರಿಗೂ ಅಂಜುವವರಿಗೂ ಒಂದು ಉತ್ತರ

2025ರ ಫೆಬ್ರವರಿಯಲ್ಲಿ ಕೆಲವು ದಿನ ನಮ್ಮ ಪತ್ರಿಕೆಗಳು ಒಂದು ಕಲ್ಲಿನ ಸುದ್ದಿಯನ್ನು ಮತ್ತೆ ಮತ್ತೆ ಪ್ರಕಟಿಸಿದವು. '2024 ವೈಆರ್4' ಎಂಬ ಹೆಸರಿನ, ಸುಮಾರು ಅರವತ್ತು ಮೀಟರ್ ಗಾತ್ರದ ಆ ಕ್ಷುದ್ರಗ್ರಹವು 2032ರ ಡಿಸೆಂಬರ್ 22ರಂದು ಭೂಮಿಗೆ ಅಪ್ಪಳಿಸುವ ಸಂಭವ ನೂರಕ್ಕೆ ಮೂರರಷ್ಟಿದೆ ಎಂದು ಫೆಬ್ರವರಿ 18ರಂದು ಅಮೆರಿಕದ ನಾಸಾ ಲೆಕ್ಕ ಹೇಳಿತು. ಅದು ಬೀಳಬಹುದಾದ ಪಟ್ಟಿಯು ಪೆಸಿಫಿಕ್ ಸಾಗರದಿಂದ ಹೊರಟು ದಕ್ಷಿಣ ಅಮೆರಿಕದ ಉತ್ತರಭಾಗ, ಆಫ್ರಿಕ ಮತ್ತು ಅರಬ್ಬೀ ಸಮುದ್ರಗಳ ಮೇಲೆ ಹಾದು ದಕ್ಷಿಣ ಏಷ್ಯದವರೆಗೆ ಚಾಚಿತ್ತು. ಮುಂಬಯಿ, ಕೋಲ್ಕತಾಗಳ ಹೆಸರುಗಳೂ ಸುದ್ದಿಯಲ್ಲಿ ಸೇರಿಕೊಂಡವು. ಒಂದು ವಾರ ಕಳೆಯುವುದರೊಳಗಾಗಿ ಅದೇ ಸಂಸ್ಥೆಗಳು ಆ ಸಂಭವ ಬಹುತೇಕ ಸೊನ್ನೆಗೆ ಇಳಿದಿದೆಯೆಂದು ಸಾರಿದವು.

ರಾಮದಾಸಪೇಠಿನ ನಮ್ಮ ಕನ್ನಡ ಬಳಗದಲ್ಲಿ ಈ ಸುದ್ದಿಗೆ ಸಿಕ್ಕಿದ ಉತ್ತರ ನಗು. ವಿದ್ಯಾವಂತರ ನಗು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಎಂಜಿನಿಯರರು, ಬ್ಯಾಂಕಿನ ಅಧಿಕಾರಿಗಳು, ನಿವೃತ್ತ ಪ್ರಾಧ್ಯಾಪಕರು ಎಲ್ಲರೂ ಒಂದೇ ಧಾಟಿಯಲ್ಲಿ ನಕ್ಕರು. ಕಲ್ಲು ಬೀಳುವುದೂ ಇಲ್ಲ, ಬಿದ್ದರೆ ಅದನ್ನು ತಪ್ಪಿಸಲು ಇವರಿಂದ ಆಗುವುದೂ ಇಲ್ಲ, ಇದೆಲ್ಲ ಹಣ ಕೀಳುವ ಹೂಟ ಎಂಬುದು ಆ ನಗೆಯ ತಾತ್ಪರ್ಯ. ಇನ್ನೊಂದು ಕಡೆ, ಗ್ರಹಗತಿಯನ್ನು ಹೇಳಿ ಜನರನ್ನು ಹೆದರಿಸುವ ದೂರದರ್ಶನ ವಾಹಿನಿಗಳ ಪ್ರಭಾವದಿಂದ ಮನೆಯ ಹಿರಿಯರು ಹೋಮ ಮಾಡಿಸಬೇಕೆ ಎಂದು ವಿಚಾರಿಸತೊಡಗಿದ್ದರು. ನಗುವವರಿಗೂ ಅಂಜುವವರಿಗೂ ಮೇಲುನೋಟಕ್ಕೆ ವೈರ. ವಾಸ್ತವದಲ್ಲಿ ಇಬ್ಬರದೂ ಒಂದೇ ಮನೋಧರ್ಮ. ಇಬ್ಬರೂ ಲೆಕ್ಕ ಕೇಳುವುದಿಲ್ಲ. ಕ್ಷುದ್ರಗ್ರಹಗಳ ದಾರಿ ತಪ್ಪಿಸುವ ಬಾಹ್ಯಾಕಾಶ ಸಂಸ್ಥೆಗಳ ಯೋಜನೆಯನ್ನು ಸಂಶಯದಿಂದ ನೋಡುವುದು ಸರಿ. ಆದರೆ ನಮ್ಮ ಸಂಶಯ ಸಲ್ಲದ ಕಡೆ ತಿರುಗಿದೆ, ಸಲ್ಲಬೇಕಾದ ಕಡೆ ತಿರುಗಿಲ್ಲ. ಈ ಲೇಖನದ ತಕರಾರು ಇಷ್ಟೇ.

ನಗುವವರ ಮೊದಲನೆಯ ವಾದ, ಇಂಥ ಕಲ್ಲುಗಳು ಬೀಳುವುದೇ ಇಲ್ಲವೆಂಬುದು. ವಿದರ್ಭದಲ್ಲಿ ವಾಸಿಸುವವನು ಆಡಬಾರದ ಮಾತು ಇದು. ನಾಗಪುರದಿಂದ ಒಂದು ಹಗಲಿನ ಪಯಣದ ದೂರದಲ್ಲಿ, ಬುಲಡಾಣಾ ಜಿಲ್ಲೆಯಲ್ಲಿ ಲೋಣಾರ್ ಸರೋವರವಿದೆ. ಲವಣಾಸುರನನ್ನು ವಿಷ್ಣು ಕೊಂದ ಸ್ಥಳವೆಂದು ಪುರಾಣ ಹೇಳುತ್ತದೆ. ಊರಿನ ದೈತ್ಯಸೂದನ ದೇವಾಲಯ ಆ ಕಥೆಯನ್ನು ಇಂದಿಗೂ ಉಳಿಸಿಕೊಂಡಿದೆ. ಸುಮಾರು 1.8 ಕಿಲೋಮೀಟರ್ ಅಡ್ಡಗಲದ, ನೂರು ಮೀಟರಿಗೂ ಹೆಚ್ಚು ಆಳದ ಈ ದುಂಡು ಕುಳಿಯನ್ನು ಬಹುಕಾಲ ಜ್ವಾಲಾಮುಖಿಯ ಬಾಯಿಯೆಂದೇ ಅನೇಕರು ನಂಬಿದ್ದರು. ಕುಳಿಯ ತಳವನ್ನು ಕೊರೆದು ತೆಗೆದ ಕಲ್ಲುಗಳಲ್ಲಿ, ಅಪಾರವಾದ ಒತ್ತಡಕ್ಕೆ ಸಿಕ್ಕಿ ಗಾಜಿನಂತಾದ ಖನಿಜಗಳು ದೊರೆತವು. ಜ್ವಾಲಾಮುಖಿಯಿಂದ ಅಂಥ ಒತ್ತಡ ಹುಟ್ಟುವುದಿಲ್ಲ. 1973ರಲ್ಲಿ ಫ್ರೆಡ್ರಿಕ್‌ಸನ್, ದುಬೆ, ಮಿಲ್ಟನ್ ಮತ್ತು ಬಾಲಸುಂದರಂ ಅವರು ಪ್ರಕಟಿಸಿದ ಪ್ರಬಂಧದ ಬಳಿಕ ಇದು ಆಕಾಶದಿಂದ ಬಿದ್ದ ಪಿಂಡದ ಹೊಡೆತದಿಂದಾದ ಕುಳಿಯೆಂಬ ವಿಷಯ ಸ್ಥಿರವಾಯಿತು. ದಖ್ಖನ್ನಿನ ಕರಿಕಲ್ಲಿನ ಹಾಸಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಉಳಿದ ಹೊಡೆತದ ಕುಳಿ ಲೋಕದಲ್ಲಿ ಅತಿ ವಿರಳ. ಅದರ ವಯಸ್ಸು ಒಂದು ವಿಧಾನದ ಪ್ರಕಾರ ಐವತ್ತು ಸಾವಿರ ವರ್ಷ, ಇನ್ನೊಂದರ ಪ್ರಕಾರ ಐದು ಲಕ್ಷ ಎಪ್ಪತ್ತು ಸಾವಿರ ವರ್ಷ. ವಿದ್ವಾಂಸರ ಜಗಳ ವಯಸ್ಸಿನ ಬಗ್ಗೆಯೇ ಹೊರತು ಕಲ್ಲು ಬಿದ್ದ ಬಗ್ಗೆ ಅಲ್ಲ.

ಅದು ಯಾವುದೋ ಯುಗದ ಮಾತು ಎನ್ನುವವರಿಗೆ ಹತ್ತಿರದ ನಿದರ್ಶನಗಳೂ ಇವೆ. 1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕದಲ್ಲಿ ಆಕಾಶದಲ್ಲೇ ಸಿಡಿದ ಪಿಂಡವೊಂದು ಎರಡು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಕಾಡನ್ನು ಮಲಗಿಸಿತು. 1994ರ ಜುಲೈಯಲ್ಲಿ ಶೂಮೇಕರ್-ಲೆವಿ ಧೂಮಕೇತುವಿನ ತುಂಡುಗಳು ಗುರುಗ್ರಹದ ಮೇಲೆ ಬಿದ್ದು ಭೂಮಿಯಷ್ಟು ಅಗಲದ ಕಲೆಗಳನ್ನು ಮೂಡಿಸಿದ್ದನ್ನು ಲೋಕವೆಲ್ಲ ನೋಡಿತು. 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್‌ಸ್ಕ್ ನಗರದ ಮೇಲೆ ಕೇವಲ ಇಪ್ಪತ್ತು ಮೀಟರಿನ ಕಲ್ಲು ಸಿಡಿದಾಗ ಸುಮಾರು ಸಾವಿರದೈನೂರು ಜನ ಗಾಯಗೊಂಡರು. ಹೆಚ್ಚಿನವರಿಗೆ ತಗುಲಿದ್ದು ಒಡೆದ ಕಿಟಕಿಗಳ ಗಾಜು. ಅದೇ ದಿನ ಭೂಮಿಯ ಬಳಿ ಹಾದುಹೋಗಲಿದ್ದ ಬೇರೊಂದು ಕ್ಷುದ್ರಗ್ರಹದ ಕಡೆ ಖಗೋಳಜ್ಞರೆಲ್ಲ ಕಣ್ಣಿಟ್ಟಿದ್ದರು. ಸೂರ್ಯನ ದಿಕ್ಕಿನಿಂದ ಬಂದ ಈ ಕಲ್ಲನ್ನು ಯಾರೂ ಮುಂಚಿತವಾಗಿ ಕಂಡಿರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನನ್ನ ವಾದದ ತಿರುಳು ಅಲ್ಲಿದೆ.

ಎರಡನೆಯ ವಾದ ಹೆಚ್ಚು ಬುದ್ಧಿವಂತಿಕೆಯದೆಂದು ಅನ್ನಿಸುತ್ತದೆ. ಮೊದಲು ನೂರಕ್ಕೆ ಒಂದು ಎಂದರು, ಆಮೇಲೆ ಮೂರು ಎಂದರು, ಕೊನೆಗೆ ಸೊನ್ನೆ ಎಂದರು. ದಿನಕ್ಕೊಂದು ಮಾತಾಡುವವರನ್ನು ನಂಬುವುದು ಹೇಗೆ? ಇಲ್ಲಿ ದೋಷ ಲೆಕ್ಕದ್ದಲ್ಲ, ಲೆಕ್ಕವನ್ನು ಜನರಿಗೆ ಬಿಡಿಸಿ ಹೇಳದವರದು. ಕತ್ತಲೆಯಲ್ಲಿ ನೂರು ಮೊಳದ ಹಗ್ಗವೊಂದನ್ನು ಚಾಚಿ ಇಟ್ಟಿದೆಯೆಂದು ಭಾವಿಸಿ. ಕಲ್ಲು ಆ ಹಗ್ಗದ ಮೇಲೆ ಎಲ್ಲೋ ಒಂದು ಕಡೆ ಬೀಳುತ್ತದೆ, ಎಲ್ಲಿ ಎಂಬುದು ತಿಳಿಯದು. ಹಗ್ಗದ ಒಂದು ಮೊಳದಷ್ಟು ಜಾಗದಲ್ಲಿ ಭೂಮಿ ಇದೆ. ಆಗ ಅಪಾಯ ನೂರಕ್ಕೆ ಒಂದು. ಇನ್ನಷ್ಟು ರಾತ್ರಿಗಳ ವೀಕ್ಷಣೆಯಿಂದ, ಕಲ್ಲು ಈ ಹಗ್ಗದ ಮೂವತ್ತಮೂರು ಮೊಳದ ತುಂಡೊಂದರಲ್ಲೇ ಬೀಳುತ್ತದೆಂದು ಖಚಿತವಾಯಿತು. ಉಳಿದದ್ದನ್ನು ಕತ್ತರಿಸಿ ಹಾಕಿದೆವು. ಭೂಮಿ ಇನ್ನೂ ಆ ತುಂಡಿನೊಳಗೇ ಇದ್ದರೆ ಅಪಾಯ ನೂರಕ್ಕೆ ಮೂರಾಗುತ್ತದೆ. ಮತ್ತೂ ಕತ್ತರಿಸಿದಾಗ ಉಳಿದ ತುಂಡು ಭೂಮಿಯನ್ನು ಬಿಟ್ಟು ಆಚೆಗಿದ್ದರೆ ಅಪಾಯ ಒಮ್ಮೆಲೇ ಸೊನ್ನೆ. ಈ ಅವಧಿಯಲ್ಲಿ ಕಲ್ಲು ತನ್ನ ದಾರಿಯನ್ನು ಎಳ್ಳಷ್ಟೂ ಬದಲಿಸಲಿಲ್ಲ. ನಮ್ಮ ಅಜ್ಞಾನ ಕಡಿಮೆಯಾಯಿತು, ಅಷ್ಟೇ. 2004ರ ಡಿಸೆಂಬರಿನಲ್ಲಿ ಅಪೋಫಿಸ್ ಎಂಬ ಕ್ಷುದ್ರಗ್ರಹದ ವಿಷಯದಲ್ಲೂ ನಡೆದದ್ದು ಇದೇ. ಸಂಖ್ಯೆ ಬದಲಾಯಿತೆಂಬ ಕಾರಣಕ್ಕೆ ಖಗೋಳಜ್ಞನನ್ನು ಸುಳ್ಳುಗಾರನೆನ್ನುವುದು, ರಕ್ತಪರೀಕ್ಷೆಯ ಫಲಿತಾಂಶ ಬಂದ ಬಳಿಕ ರೋಗನಿರ್ಣಯ ಬದಲಿಸಿದ ವೈದ್ಯನನ್ನು ಸುಳ್ಳುಗಾರನೆಂದಂತೆ.

ಆದರೂ ಜನರ ಅಪನಂಬಿಕೆಗೆ ಇತಿಹಾಸವಿದೆ ಎಂಬುದನ್ನು ಮರೆಯಲಾಗದು. 1962ರ ಫೆಬ್ರವರಿ ಮೊದಲ ವಾರದ ಅಷ್ಟಗ್ರಹ ಕೂಟದ ಭೀತಿಯನ್ನು ಹಳೆಯ ತಲೆಮಾರಿನವರು ಬಲ್ಲರು. ದೇಶದ ಉದ್ದಗಲಕ್ಕೂ ಯಜ್ಞಗಳು ನಡೆದವು, ಕೂಟ ಮುಗಿಯಿತು, ಪ್ರಳಯವಾಗಲಿಲ್ಲ. 1979ರ ಜುಲೈಯಲ್ಲಿ ಎಪ್ಪತ್ತೇಳು ಟನ್ ತೂಕದ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣ ಕೆಳಗಿಳಿಯುವಾಗ, ಅದು ಎಲ್ಲಿ ಬೀಳುತ್ತದೆಂದು ಹೇಳಲು ನಾಸಾದಿಂದ ಕೊನೆಯ ಗಳಿಗೆಯವರೆಗೂ ಆಗಲಿಲ್ಲ. ಯಾರಾದರೊಬ್ಬರಿಗೆ ಪೆಟ್ಟಾಗುವ ಸಂಭವ 152ರಲ್ಲಿ ಒಂದು ಎಂದು ಅದು ಹೇಳಿತ್ತು. ನಮ್ಮ ದೇಶದಲ್ಲಿ ಪೊಲೀಸರನ್ನು ಸನ್ನದ್ಧಗೊಳಿಸಲಾಯಿತು. ತೆಲಂಗಾಣದ ಹಳ್ಳಿಗಳಲ್ಲಿ ಜನ ಇನ್ನೇಕೆ ಉಳಿಸಬೇಕೆಂದು ಕುರಿಕೋಳಿಗಳನ್ನು ಕೊಯ್ದು ಉಂಡ ಕಥೆಗಳು ಇಂದಿಗೂ ಪ್ರಚಲಿತವಾಗಿವೆ. ಆ ವಸ್ತುವಿನ ಮೇಲೆ 2021ರಲ್ಲಿ ತೆಲುಗು ಚಲನಚಿತ್ರವೊಂದೂ ಬಂದಿತು. ಕೊನೆಗೆ ನಿಲ್ದಾಣದ ಚೂರುಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯದಲ್ಲೂ ಬಿದ್ದವು.

ಈ ಎರಡು ಪ್ರಸಂಗಗಳನ್ನು ನಮ್ಮವರು ಒಂದೇ ಹಗ್ಗದಲ್ಲಿ ಕಟ್ಟಿ, ಆಗಲೂ ಏನೂ ಆಗಲಿಲ್ಲ ಈಗಲೂ ಆಗದು ಎನ್ನುತ್ತಾರೆ. ಇದು ಅವಿವೇಕ. ಅಷ್ಟಗ್ರಹದ ಭೀತಿಗೆ ಆಧಾರವೇ ಇರಲಿಲ್ಲ. ಸ್ಕೈಲ್ಯಾಬಾದರೋ ನಿಜವಾಗಿ ಬಿದ್ದಿತು. ಅದು ಆಂಧ್ರದ ಬದಲು ಆಸ್ಟ್ರೇಲಿಯದಲ್ಲಿ ಬಿದ್ದದ್ದು ಯಾರ ಜಾಣತನದಿಂದಲೂ ಅಲ್ಲ. ಇದರ ಅನುಭವ ನಮಗೇ ಆಗಿದೆ. 2022ರ ಏಪ್ರಿಲ್ 2, ಯುಗಾದಿಯ ಸಂಜೆ, ವಿದರ್ಭದ ಆಕಾಶದಲ್ಲಿ ಉರಿಯುವ ಗೆರೆಗಳು ಸಾಗಿಹೋದವು. ಉಲ್ಕೆಯೆಂದರು ಕೆಲವರು, ಕ್ಷಿಪಣಿಯೆಂದರು ಇನ್ನು ಕೆಲವರು. ಚಂದ್ರಪುರ ಜಿಲ್ಲೆ ಸಿಂದೇವಾಹಿ ತಾಲೂಕಿನ ಲಾಡಬೋರಿ ಗ್ರಾಮದಲ್ಲಿ ಸುಮಾರು ಮೂರು ಮೀಟರ್ ಅಡ್ಡಗಲದ ಲೋಹದ ಬಳೆಯೊಂದು ಬಿದ್ದಿತ್ತು. ಅದು ಚೀನಾದ ರಾಕೆಟ್ಟಿನ ಅವಶೇಷವಿರಬೇಕೆಂದು ತಜ್ಞರು ಗುರುತಿಸಿದರು. ಇಸ್ರೋ ವಿಜ್ಞಾನಿಗಳು ಬಂದು ಪರೀಕ್ಷಿಸಿದರು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಬೇವುಬೆಲ್ಲ ತಿಂದ ದಿನವೇ ಇನ್ನೊಂದು ದೇಶದ ರಾಕೆಟ್ಟು ನಮ್ಮ ಹಳ್ಳಿಯೊಂದರ ಮೇಲೆ ಬೀಳುತ್ತದೆಂಬ ಸಣ್ಣ ಸೂಚನೆಯೂ ಆ ಊರಿನವರಿಗೆ ಇರಲಿಲ್ಲ. ಬಾಹ್ಯಾಕಾಶದ ಬಗ್ಗೆ ಜನಸಾಮಾನ್ಯನ ಅಪನಂಬಿಕೆಗೆ ಇದು ನ್ಯಾಯವಾದ ಕಾರಣ. ಕಲ್ಲಿನ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಇದೇ ಜಾತಿಯದು: ನಮಗೆ ಹೇಳುವವರು ಯಾರು, ಯಾವಾಗ ಹೇಳುತ್ತಾರೆ, ಯಾವ ಭಾಷೆಯಲ್ಲಿ ಹೇಳುತ್ತಾರೆ?

ಮೂರನೆಯ ವಾದ ನಮ್ಮ ಪೇಠೆಯದೇ ಆದದ್ದು. ಅದನ್ನು ನಾನು ಲಘುವಾಗಿ ಕಾಣಲಾರೆ. 2023ರ ಸೆಪ್ಟೆಂಬರ್ 23ರ ಬೆಳಗಿನ ಜಾವ ನಾಲ್ಕು ತಾಸುಗಳಲ್ಲಿ ನೂರು ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಅಂಬಾಝರಿ ಕೆರೆ ಕೋಡಿ ಹರಿದು, ನಾಗ ನದಿ ಉಕ್ಕಿ ರಾಮದಾಸಪೇಠ್, ಸೀತಾಬರ್ಡಿಗಳ ಮನೆ ಅಂಗಡಿಗಳಿಗೆ ನೀರು ನುಗ್ಗಿತು. ಜೀವಹಾನಿಯಾಯಿತು. ಕೆರೆಯ ಕೋಡಿಯ ಮುಂದೆ ಕಟ್ಟಿದ ಕಟ್ಟಡಗಳ, ನೀರಿನ ದಾರಿಯನ್ನು ಕಿರಿದುಗೊಳಿಸಿದ ಒತ್ತುವರಿಗಳ ವಿಷಯ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಬಂದಿತು. ಕೂಗಳತೆಯ ಕೆರೆಯ ನೀರು ಎತ್ತ ಹರಿಯುತ್ತದೆಂದು ತಿಳಿಯದವರು ಕೋಟಿ ಕಿಲೋಮೀಟರ್ ದೂರದ ಕಲ್ಲನ್ನು ಎತ್ತ ತಳ್ಳುತ್ತಾರೆ ಎಂದು ನೀರು ಹೊಕ್ಕ ಮನೆಯವರು ಕೇಳಿದರೆ ಅದು ಕುಹಕವಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು.

ಆದರೆ ಈ ವಾದವನ್ನು ಕೊನೆಯವರೆಗೆ ನಡೆಸಿದರೆ ಅದು ತಲುಪುವ ಜಾಗ ಬೇರೆ. ಅಂಬಾಝರಿಯ ದುರಂತ ಆದದ್ದು ಆಕಾಶದ ಕಡೆ ಹಣ ಹೋದದ್ದರಿಂದಲ್ಲ. ಬರಲಿರುವುದನ್ನು ಲೆಕ್ಕ ಹಾಕಬಲ್ಲವರು ಇದ್ದರೂ ಆ ಲೆಕ್ಕವನ್ನು ಕೇಳುವ, ಅದರಂತೆ ನಡೆಯುವ, ಜನರಿಗೆ ಮುಂಚಿತವಾಗಿ ತಿಳಿಸುವ ಅಭ್ಯಾಸ ಆಡಳಿತಕ್ಕೆ ಇಲ್ಲದ್ದರಿಂದ ಆಯಿತು. ಕೆರೆಯ ಕೋಡಿಗೂ ಆಕಾಶದ ಕಲ್ಲಿಗೂ ಬೇಕಾದದ್ದು ಅದೇ ಅಭ್ಯಾಸ. ಒಂದನ್ನು ಮಾಡಲಿಲ್ಲವೆಂಬ ಸಿಟ್ಟಿನಿಂದ ಇನ್ನೊಂದನ್ನೂ ಮಾಡಬೇಡಿ ಎನ್ನುವುದು ಎರಡೂ ಕಡೆ ಬೇಜವಾಬ್ದಾರಿಗೆ ಸಹಿ ಹಾಕಿಕೊಟ್ಟಂತೆ. ಹಣದ ಪ್ರಮಾಣವನ್ನೂ ನೋಡೋಣ. ನಾಸಾದ ಡಾರ್ಟ್ ಪ್ರಯೋಗಕ್ಕೆ ತಗುಲಿದ ವೆಚ್ಚ ಸುಮಾರು 32 ಕೋಟಿ ಡಾಲರ್. ನಮ್ಮ ಚಂದ್ರಯಾನ-3ಕ್ಕೆ ತಗುಲಿದ್ದು 615 ಕೋಟಿ ರೂಪಾಯಿ. 2024-25ರಲ್ಲಿ ನಮ್ಮ ಬಾಹ್ಯಾಕಾಶ ಇಲಾಖೆಯ ಇಡೀ ಮುಂಗಡಪತ್ರ ಸುಮಾರು 13 ಸಾವಿರ ಕೋಟಿ ರೂಪಾಯಿ. ನಾಗ ನದಿಯ ಒತ್ತುವರಿ ತೆರವಾಗದೆ ಉಳಿದದ್ದಕ್ಕೆ ಇವುಗಳಲ್ಲಿ ಯಾವುದೂ ಕಾರಣವಲ್ಲ.

ಹಾಗಾದರೆ ಸಂಶಯಕ್ಕೆ ಎಡೆಯೇ ಇಲ್ಲವೆ? ಧಾರಾಳವಾಗಿ ಇದೆ. ಮೊದಲು ಆ ಪ್ರಯೋಗದಲ್ಲಿ ನಡೆದದ್ದೇನೆಂದು ನೋಡಬೇಕು. 2022ರ ಸೆಪ್ಟೆಂಬರ್ 26ರಂದು, ಭೂಮಿಯಿಂದ ಸುಮಾರು ಒಂದು ಕೋಟಿ ಹತ್ತು ಲಕ್ಷ ಕಿಲೋಮೀಟರ್ ದೂರದಲ್ಲಿ, ಡಾರ್ಟ್ ಎಂಬ ನೌಕೆ ಸೆಕೆಂಡಿಗೆ ಆರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆಯಿತು. ಸುಮಾರು ನೂರೈವತ್ತು ಮೀಟರ್ ಗಾತ್ರದ ಈ ಕಲ್ಲು ಡಿಡಿಮಾಸ್ ಎಂಬ ದೊಡ್ಡ ಕಲ್ಲನ್ನು ಸುತ್ತುತ್ತದೆ. ಆ ಸುತ್ತಿಗೆ ಮೊದಲು 11 ಗಂಟೆ 55 ನಿಮಿಷ ಹಿಡಿಯುತ್ತಿತ್ತು. ಡಿಕ್ಕಿಯ ಬಳಿಕ ಅದು ಅರ್ಧ ಗಂಟೆಗೂ ತುಸು ಹೆಚ್ಚು ಕಡಿಮೆಯಾಯಿತು. 73 ಸೆಕೆಂಡು ಬದಲಾದರೂ ಪ್ರಯೋಗ ಗೆದ್ದಂತೆ ಎಂದು ಮೊದಲೇ ನಿಗದಿಯಾಗಿತ್ತು. ಈ ಅಳತೆಯನ್ನು ಬೇರೆ ಬೇರೆ ಕಡೆಯ ದೂರದರ್ಶಕಗಳಿಂದ ಖಗೋಳಜ್ಞರು ತಾಳೆ ನೋಡಿದ್ದಾರೆ. ಆದ್ದರಿಂದ ಮನುಷ್ಯನಿಂದ ಕಲ್ಲನ್ನು ಅಲುಗಿಸಲು ಆಗದೆಂಬ ಮಾತು ಈಗ ನಿಲ್ಲುವುದಿಲ್ಲ.

ನಿಲ್ಲುವ ಪ್ರಶ್ನೆಗಳು ಬೇರೆಯೇ ಇವೆ. ಡಾರ್ಟ್ ತಂದ ಬದಲಾವಣೆ ಸೆಕೆಂಡಿಗೆ ಸುಮಾರು 2.7 ಮಿಲಿಮೀಟರ್. ಅಂದರೆ ದಿನವೊಂದಕ್ಕೆ ಇನ್ನೂರಮೂವತ್ತು ಮೀಟರಿನಷ್ಟು, ವರ್ಷಕ್ಕೆ ಎಂಬತ್ತೈದು ಕಿಲೋಮೀಟರಿನಷ್ಟು. ಕಕ್ಷೆಯ ಗಣಿತದಲ್ಲಿ ಇದು ಕೆಲವು ಪಟ್ಟು ಹಿಗ್ಗಬಹುದಾದರೂ, ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ತ್ರಿಜ್ಯವುಳ್ಳ ಭೂಮಿಯನ್ನು ತಪ್ಪಿಸಬೇಕಾದರೆ ಹಲವಾರು ವರ್ಷ ಮುಂಚಿತವಾಗಿಯೇ ತಳ್ಳಬೇಕು. ಅಷ್ಟು ಮೊದಲೇ ತಳ್ಳಬೇಕಾದರೆ ಅದಕ್ಕೂ ಮೊದಲೇ ಕಾಣಬೇಕು. ಇದಲ್ಲದೆ ಆ ಕಲ್ಲನ್ನು ಸರಿಸಿದ್ದರಲ್ಲಿ ನೌಕೆಯ ಡಿಕ್ಕಿಗಿಂತ, ಡಿಕ್ಕಿಯಿಂದ ಚಿಮ್ಮಿದ ಕಲ್ಲುಧೂಳಿನ ಹಿಮ್ಮೆಟ್ಟುವ ನೂಕಿನ ಪಾಲೇ ಹೆಚ್ಚಾಗಿತ್ತು. ಕಲ್ಲುರಾಶಿಯಂಥ ಸಡಿಲ ಪಿಂಡದಲ್ಲಿ ನಡೆದದ್ದು ಗಟ್ಟಿ ಲೋಹದ ಪಿಂಡದಲ್ಲಿ ಹಾಗೆಯೇ ನಡೆಯುತ್ತದೆಂದು ಒಂದೇ ಪ್ರಯೋಗದಿಂದ ಹೇಳಲಾಗದು. ಇದನ್ನು ತಿಳಿಯಲೆಂದೇ ಯುರೋಪಿನ ಹೇರಾ ನೌಕೆ 2024ರ ಅಕ್ಟೋಬರಿನಲ್ಲಿ ಅದೇ ಕಲ್ಲಿನೆಡೆಗೆ ಹೊರಟಿತು. ಹೀಗಿರುವಾಗ ಭೂಮಿಯ ರಕ್ಷಣೆ ಸಿದ್ಧವಾಯಿತೆಂದು ಜಯಘೋಷ ಮಾಡುವವರನ್ನು ತಡೆದು ಪ್ರಶ್ನಿಸುವುದು ನಮ್ಮ ಹಕ್ಕು.

ಇದಕ್ಕಿಂತ ಗಂಭೀರವಾದದ್ದು ಅಧಿಕಾರದ ಪ್ರಶ್ನೆ. ಕಾರ್ಲ್ ಸೇಗನ್ ಮತ್ತು ಸ್ಟೀವನ್ ಆಸ್ಟ್ರೋ 1994ರಲ್ಲೇ ಎಚ್ಚರಿಸಿದ್ದರು: ಬರುವ ಕಲ್ಲನ್ನು ಆಚೆ ತಳ್ಳಬಲ್ಲ ಕೈ, ಆಚೆ ಹೋಗುವ ಕಲ್ಲನ್ನು ಈಚೆ ತಳ್ಳಲೂ ಬಲ್ಲದು. ಶೀತಲ ಸಮರ ಮುಗಿದ ಹೊಸತರಲ್ಲಿ, ಜಲಜನಕ ಬಾಂಬಿನ ಜನಕನೆನಿಸಿದ ಎಡ್ವರ್ಡ್ ಟೆಲ್ಲರ್ ಕ್ಷುದ್ರಗ್ರಹಗಳ ವಿರುದ್ಧ ಅಣ್ವಸ್ತ್ರ ಬಳಸುವ ಪರವಾಗಿ ವಾದಿಸಿದಾಗ, ಕೆಲಸವಿಲ್ಲದಂತಾದ ಬಾಂಬುಗಳಿಗೆ ಹೊಸ ಕೆಲಸ ಹುಡುಕಲಾಗುತ್ತಿದೆಯೆಂದು ಅನೇಕ ವಿಜ್ಞಾನಿಗಳು ಅನುಮಾನಪಟ್ಟದ್ದು ಅಕಾರಣವಲ್ಲ. ಅಣ್ವಸ್ತ್ರಗಳನ್ನು ಕಕ್ಷೆಯಲ್ಲಿ ಇಡುವುದನ್ನು ನಿಷೇಧಿಸುವ 1967ರ ಅಂತಾರಾಷ್ಟ್ರೀಯ ಒಪ್ಪಂದವು ಕಲ್ಲಿನ ನೆಪದಲ್ಲಿ ಸಡಿಲವಾಗಬಾರದು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಭೂಮಿಗೆ ಅಪ್ಪಳಿಸಲಿರುವ ಕಲ್ಲನ್ನು ಅರೆಬರೆ ತಳ್ಳಿದರೆ ಅದು ಭೂಮಿಯನ್ನು ತಪ್ಪುವುದಿಲ್ಲ. ಬೀಳುವ ಜಾಗ ಮಾತ್ರ ಆ ಪಟ್ಟಿಯುದ್ದಕ್ಕೂ ಸರಿಯುತ್ತದೆ. ಆಫ್ರಿಕದ ಮೇಲೆ ಬೀಳಬೇಕಾದದ್ದು ಅರಬ್ಬೀ ಸಮುದ್ರಕ್ಕೆ, ಸಮುದ್ರಕ್ಕೆ ಬೀಳಬೇಕಾದದ್ದು ನಮ್ಮ ಕರಾವಳಿಗೆ ಬರಬಹುದು. ಹಾಗೆ ತಳ್ಳಲು ನಿರ್ಧರಿಸುವವರು ಯಾರು? ಪ್ರಯತ್ನ ವಿಫಲವಾದರೆ ಹೊಣೆ ಯಾರದು? ವಿಶ್ವಸಂಸ್ಥೆಯ ಆಶ್ರಯದಲ್ಲಿ ಬಾಹ್ಯಾಕಾಶ ಸಂಸ್ಥೆಗಳ ಸಲಹಾ ಮಂಡಲಿಯೊಂದು ರಚನೆಯಾಗಿದೆ, ಮುನ್ನೆಚ್ಚರಿಕೆಯ ಜಾಲವೊಂದಿದೆ. ಸಲಹೆ ಕೊಡುವುದು ಅವುಗಳ ಕೆಲಸ. ಆಜ್ಞೆ ಕೊಡುವ ಅಧಿಕಾರ ಅವುಗಳಿಗಿಲ್ಲ. ನೌಕೆ ಕಳುಹಿಸುವ ಸಾಮರ್ಥ್ಯವುಳ್ಳ ಎರಡು ಮೂರು ದೇಶಗಳೇ ಕೊನೆಗೆ ತೀರ್ಮಾನಿಸುವಂತಾದರೆ, ಪಟ್ಟಿಯ ಕೆಳಗೆ ವಾಸಿಸುವ ಕೋಟ್ಯಂತರ ಜನ ಕೇವಲ ನೋಡುಗರು. ಇಲ್ಲಿ ಸಂಶಯಪಡದವನೇ ಮೂಢ.

ಈಗ ಚೆಲ್ಯಾಬಿನ್‌ಸ್ಕ್‌ನ ಮಾತಿಗೆ ಮರಳೋಣ. ಅಲ್ಲಿ ಕಾಣೆಯಾಗಿದ್ದದ್ದು ಕೈ ಅಲ್ಲ, ಕಣ್ಣು. ನೂರನಾಲ್ವತ್ತು ಮೀಟರಿಗಿಂತ ದೊಡ್ಡದಾದ, ಭೂಮಿಯ ಸಮೀಪ ಬರಬಲ್ಲ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ ತೊಂಬತ್ತನ್ನು 2020ರೊಳಗೆ ಗುರುತಿಸಬೇಕೆಂದು ಅಮೆರಿಕದ ಸಂಸತ್ತು 2005ರಲ್ಲಿ ನಾಸಾಗೆ ವಿಧಿಸಿತು. ಗಡುವು ಮೀರಿ ವರ್ಷಗಳೇ ಸಂದಿವೆ. ಅಂದಾಜಿನ ಪ್ರಕಾರ ಗುರುತಿಸಿರುವುದು ಅರ್ಧದಷ್ಟೂ ಇಲ್ಲ. ತಳ್ಳುವ ಸಾಹಸಕ್ಕೆ ಸಿಗುವ ಪ್ರಚಾರ ಹುಡುಕುವ ತಾಳ್ಮೆಗೆ ಸಿಗುವುದಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವ ಬುದ್ಧಿ ನಮ್ಮದು ಮಾತ್ರವಲ್ಲವೆಂದು ಸಮಾಧಾನಪಡಬೇಕಷ್ಟೆ.

ಹುಡುಕುವ ಕೆಲಸದಲ್ಲಿ ನಮ್ಮ ನಾಡಿಗೆ ಪರಂಪರೆಯಿತ್ತು. ಮದ್ರಾಸು ವೀಕ್ಷಣಾಲಯದಿಂದ ಪಾಗ್ಸನ್ 1861ರಲ್ಲಿ ಕ್ಷುದ್ರಗ್ರಹವೊಂದನ್ನು ಕಂಡುಹಿಡಿದು ಅದಕ್ಕೆ 'ಏಷ್ಯ' ಎಂದು ಹೆಸರಿಟ್ಟ. ಅವನ ಸರಣಿ 1885ರಲ್ಲಿ ನಿಂತಿತು. ನೂರು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ, 1988ರಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರಿನ ವೀಕ್ಷಣಾಲಯದಲ್ಲಿ ರಾಜಮೋಹನ್ ಮತ್ತು ಸಂಗಡಿಗರು ಸಣ್ಣದೊಂದು ಶ್ಮಿಟ್ ದೂರದರ್ಶಕದಿಂದ ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರು ಬಂದಿತು. ಆ ಹುಡುಕಾಟದ ಯೋಜನೆಗೆ ಅವರು ಇಟ್ಟಿದ್ದ ಹೆಸರು 'ಕಲ್ಕಿ'. ಈ ಆರಂಭ ರಾಷ್ಟ್ರೀಯ ಕಾರ್ಯಕ್ರಮವಾಗಿ ಬೆಳೆಯಲಿಲ್ಲ. ಇಂದು ಭೂಮಿಯ ಬಳಿ ಸುಳಿಯುವ ಕಲ್ಲುಗಳಲ್ಲಿ ಬಹುಪಾಲನ್ನು ಕಂಡುಹಿಡಿಯುತ್ತಿರುವುದು ಅಮೆರಿಕದ ಹಣದಿಂದ ನಡೆಯುವ ವೀಕ್ಷಣೆಗಳು. 2024 ವೈಆರ್4 ಸಿಕ್ಕಿದ್ದೂ ಚಿಲಿ ದೇಶದಲ್ಲಿ ಸ್ಥಾಪಿಸಿದ ಅಂಥದೇ ದೂರದರ್ಶಕಕ್ಕೆ. ನಮಗೆ ಸ್ವಂತ ಕಣ್ಣಿಲ್ಲದಿರುವಾಗ ಇನ್ನೊಬ್ಬರ ಲೆಕ್ಕವನ್ನು ನಂಬುವುದೋ ನಗುವುದೋ ಎಂಬ ಎರಡೇ ದಾರಿ ಉಳಿಯುತ್ತವೆ. ನಮ್ಮವರ ನಗುವಿನ ಮೂಲ ಈ ಪರಾವಲಂಬನೆಯಲ್ಲಿದೆಯೆಂದು ನನ್ನ ಭಾವನೆ.

ಇಲ್ಲಿಗೆ ಭಾಷೆಯ ಪ್ರಶ್ನೆ ಬರುತ್ತದೆ. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಆಕಾಶದಲ್ಲಿ ಸುತ್ತುವ ವಸ್ತುಗಳ ಮೇಲೆ ಕಣ್ಣಿಡುವ ಅದರ ಕೇಂದ್ರ ಪೀಣ್ಯದಲ್ಲಿದೆ. ನಮ್ಮ ಸಂಪರ್ಕ ಉಪಗ್ರಹಗಳನ್ನು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಉಡುಪಿಯ ಅದಮಾರಿನ ಯು.ಆರ್. ರಾವ್, ಹಾಸನ ಜಿಲ್ಲೆಯ ಎ.ಎಸ್. ಕಿರಣ್‌ಕುಮಾರ್ ಅವರಂಥ ಕನ್ನಡಿಗರು ಆ ಸಂಸ್ಥೆಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದರು. ಇಷ್ಟಿದ್ದೂ ಆ ಸಂಸ್ಥೆ ಜನರೊಡನೆ ಮಾತಾಡುವುದು ಮುಖ್ಯವಾಗಿ ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ. 2024ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕ್ಷುದ್ರಗ್ರಹಗಳ ಬಗ್ಗೆ ನಡೆದ ಕಾರ್ಯಾಗಾರದ ವೇಳೆಗೆ ಆಗಿನ ಅಧ್ಯಕ್ಷ ಸೋಮನಾಥ್, ಮನುಷ್ಯನ ಎಪ್ಪತ್ತು ಎಂಬತ್ತು ವರ್ಷಗಳ ಆಯುಷ್ಯದಲ್ಲಿ ಇಂಥದನ್ನು ಕಾಣುವುದಿಲ್ಲವಾದ್ದರಿಂದ ನಾವು ಅದನ್ನು ಅಸಂಭವವೆಂದು ಬಗೆಯುತ್ತೇವೆ ಎಂಬ ಅರ್ಥದ ಮಾತನ್ನು ಆಡಿದರು. ಯೋಗ್ಯವಾದ ಮಾತು. ಆದರೆ ಅದು ಪೀಣ್ಯದ ಕಾರ್ಮಿಕನಿಗೂ ಹಾಸನದ ರೈತನಿಗೂ ಅವರ ಭಾಷೆಯಲ್ಲಿ ಬಿಡಿಸಿ ಹೇಳಿದ ಮಾತಾಗಲಿಲ್ಲ. ಹೇಳಬೇಕಾದವರು ಬಿಟ್ಟ ತೆರಪನ್ನು ಜ್ಯೋತಿಷಿಗಳು ತುಂಬುತ್ತಾರೆ. ಹೊರನಾಡಿನಲ್ಲಿರುವ ನಮಗೆ ಈ ತೆರಪು ಇನ್ನೂ ಹಿರಿದು. ಕಚೇರಿಯ ಸುದ್ದಿ ಇಂಗ್ಲಿಷಿನಲ್ಲಿ, ಬೀದಿಯ ಸುದ್ದಿ ಮರಾಠಿಯಲ್ಲಿ ಬರುತ್ತದೆ. ಮನೆಯ ಕನ್ನಡಕ್ಕೆ ಉಳಿಯುವುದು ಗ್ರಹಚಾರ. ಕನ್ನಡವು ಭಕ್ತಿಗೂ ಭಯಕ್ಕೂ ಮಾತ್ರ, ವಿಚಾರಕ್ಕೆ ಬೇರೆ ಭಾಷೆ ಎಂದು ನಮ್ಮ ಮಕ್ಕಳು ನಂಬಿದರೆ ಅದಕ್ಕಿಂತ ದೊಡ್ಡ ಹಾನಿಯನ್ನು ಯಾವ ಕಲ್ಲೂ ಮಾಡಲಾರದು.

ಪ್ರಶ್ನಿಸುವ ಪರಂಪರೆ ಕನ್ನಡದಲ್ಲಿ ಬಡವಾದದ್ದೇನಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನು ರಚಿಸಿದರು. ಅವರು ಪವಾಡಪುರುಷರನ್ನು ನೋಡಿ ನಕ್ಕು ಸುಮ್ಮನಾಗಲಿಲ್ಲ. ಬನ್ನಿ, ಪರೀಕ್ಷೆಗೆ ಒಡ್ಡಿಕೊಳ್ಳಿ ಎಂದು ಕರೆದರು. ಸಂಶಯಕ್ಕೂ ಕುಹಕಕ್ಕೂ ಇರುವ ವ್ಯತ್ಯಾಸ ಇದೇ. ನಾಸಾವನ್ನೂ ಇಸ್ರೋವನ್ನೂ ನಾವು ಪವಾಡಪುರುಷರಂತೆ ಕಾಣುವುದು ಬೇಡ. ಅವರನ್ನೂ ಪರೀಕ್ಷೆಗೆ ಕರೆಯೋಣ.

ಅದಕ್ಕೆ ಸಮಯ ಒದಗಿಬಂದಿದೆ. 2029ರ ಏಪ್ರಿಲ್ 13ರಂದು, ಸುಮಾರು ಮುನ್ನೂರೈವತ್ತು ಮೀಟರ್ ಗಾತ್ರದ ಅಪೋಫಿಸ್ ಭೂಮಿಯ ಮೇಲ್ಮೈಯಿಂದ ಸುಮಾರು 32 ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಹಾಸನದಿಂದ ನಡೆಸುವ ನಮ್ಮ ಉಪಗ್ರಹಗಳು ಇರುವುದು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಕಲ್ಲು ಅದಕ್ಕಿಂತ ಕೆಳಗೆ ಬಂದು ಹೋಗುತ್ತದೆ. ಅದು ಭೂಮಿಗೆ ತಾಗುವುದಿಲ್ಲವೆಂಬುದು ಖಚಿತವಾಗಿದೆ. ವಿಶ್ವಸಂಸ್ಥೆ ಆ ವರ್ಷವನ್ನು ಕ್ಷುದ್ರಗ್ರಹಗಳ ಅರಿವಿನ ವರ್ಷವೆಂದು ಘೋಷಿಸಿದೆ. ಆದರೂ ಆ ದಿನಗಳಲ್ಲಿ ಅಷ್ಟಗ್ರಹದ ಕಾಲದ ಹೋಮಕುಂಡಗಳು ಮತ್ತೆ ಉರಿಯುತ್ತವೆ, ಅದರ ಪಕ್ಕದಲ್ಲೇ ವಿದ್ಯಾವಂತರ ನಗೆಯೂ ಕೇಳಿಸುತ್ತದೆ. ಈ ಬಗ್ಗೆ ನನಗೆ ಅನುಮಾನವಿಲ್ಲ.

ಆದ್ದರಿಂದ ಕೇಳಬೇಕಾದದ್ದನ್ನು ಈಗಲೇ ಕೇಳಬೇಕು. ತಳ್ಳುವ ನೌಕೆಗಿಂತ ಮೊದಲು ಹುಡುಕುವ ದೂರದರ್ಶಕಗಳಿಗೆ ನಮ್ಮ ಸರ್ಕಾರ ಹಣ ಕೊಡಲಿ; ಕಾವಲೂರಿನಲ್ಲಿ ಬಿಟ್ಟ ಕೆಲಸವನ್ನು ಮತ್ತೆ ಎತ್ತಿಕೊಳ್ಳಲಿ. ಕಲ್ಲು ತಳ್ಳುವ ತೀರ್ಮಾನ ಎರಡು ಮೂರು ದೇಶಗಳ ಸೊತ್ತಾಗದಂತೆ, ಅಣ್ವಸ್ತ್ರಕ್ಕೆ ಹಿಂಬಾಗಿಲು ತೆರೆಯದಂತೆ ಭಾರತ ವಿಶ್ವಸಂಸ್ಥೆಯಲ್ಲಿ ದನಿ ಎತ್ತಲಿ. ಇಸ್ರೋ ತಾನು ಕಂಡದ್ದನ್ನೂ ಕಾಣದ್ದನ್ನೂ ಕನ್ನಡದಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ ಜನರ ಮುಂದೆ ಇಡಲಿ. ಲಾಡಬೋರಿಯ ಗ್ರಾಮಸ್ಥನಿಗೆ ಮುಂದಿನ ಸಲ ಮುನ್ಸೂಚನೆ ಸಿಗಲಿ.

ಸಂಘಕ್ಕೂ ಒಂದು ಮಾತು. ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕೆಲಕಾಲ ಈ ಊರಿನಲ್ಲಿದ್ದು ಮುಂದೆ ಬೆಂಗಳೂರಿನವರೇ ಆದ ಸಿ.ವಿ. ರಾಮನ್ ಅವರ ಹೆಸರಿನ ವಿಜ್ಞಾನ ಕೇಂದ್ರವೂ ಅದರ ತಾರಾಲಯವೂ ಗಾಂಧೀಸಾಗರದ ಬಳಿ ನಮ್ಮ ಪೇಠೆಗೆ ಹತ್ತಿರದಲ್ಲೇ ಇವೆ. ರಾಜ್ಯೋತ್ಸವದ ಹಾಡುಕುಣಿತಗಳಿಗೆ ಕಾದಿಡುವ ಹಣದ ಒಂದು ಪಾಲಿನಲ್ಲಿ ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೂ ಲೋಣಾರಿಗೂ ಕರೆದೊಯ್ದು, ಕುಳಿಯ ಅಂಚಿನಲ್ಲಿ ನಿಲ್ಲಿಸಿ, ಲವಣಾಸುರನ ಕಥೆಯನ್ನೂ 1973ರ ಪ್ರಬಂಧದ ಕಥೆಯನ್ನೂ ಎರಡನ್ನೂ ಕನ್ನಡದಲ್ಲೇ ಹೇಳಬಹುದು. ಇದನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಲಿಖಿತ ಸೂಚನೆಯಾಗಿ ಮಂಡಿಸುತ್ತಿದ್ದೇನೆ. ವಿರೋಧವಿರುವವರು ಸಭೆಗೆ ಬಂದು ವಾದಿಸಲಿ, ಇಲ್ಲವೆ ಮುಂದಿನ ಸಂಚಿಕೆಗೆ ಬರೆಯಲಿ. ನಕ್ಕು ಎದ್ದುಹೋಗುವುದನ್ನು ಮಾತ್ರ ಉತ್ತರವೆಂದು ನಾನು ಒಪ್ಪಿಕೊಳ್ಳಲಾರೆ.